ದೌಲತರಾಯರಿಗೆ ಬಂದ ಫೋನು

ಆಳಂದ, ೧೧ ಫೆಬ್ರುವರಿ ೧೯೯೪, ಶುಕ್ರವಾರ

ದೌಲತರಾಯರ ಮುಖ ಕಣ್ಣ ಮುಂದಿಂದ ಹೋಗವಲ್ದು. ನಮ್ಮ ತೊಗರಿ ಸಂಘದ ಆಫೀಸಿಗೆ ಇವತ್ತು ಹೊಸ ಫೋನ್ ಪೆಟ್ಟಿಗಿ ಬಂತು. ಕಲಬುರ್ಗಿಯಿಂದ ಬಂದ ಮೆಕ್ಯಾನಿಕ್ ಅದರಾಗ ನಂಬರ್ ತುಂಬಿದ ಕೂಡಲೇ ಎಲ್ಲಾ ಟೇಬಲ್ಲಿನ ಫೋನೂ ತಾವಾಗೇ ಜೋಡಾದವು. ಎಲ್ಲಾರೂ ಚಪ್ಪಾಳಿ ಹೊಡದ್ರು. ಇಷ್ಟು ವರ್ಷ ಟೆಲಿಫೋನ್ ಬೋರ್ಡಿನ ಮುಂದ ಕೂತು ನಮ್ಮ ಫೋನು ಜೋಡಿಸಿಕೊಟ್ಟ ದೌಲತರಾಯರನ್ನ, ಇನ್ನ ಬೋರ್ಡಿನ ಕೆಲಸ ಇಲ್ಲಂತ, ಸಾಹೇಬರು ಗೋದಾಮಿನ ಕೆಲಸಕ್ಕ ಹಾಕಿದ್ರು. ಪಾಪ, ಟವೆಲ್ ಹೆಗಲಿಗೆ ಹಾಕ್ಕೊಂಡು ಹೋದ್ರು.

ನನಗ ತಡಿಯಲಿಲ್ಲ. "ಗೋದಾಮಿಗೂ ಒಂದು ಫೋನ್ ಕೊಡ್ರಿ ಸಾಹೇಬ್ರ," ಅಂದೆ.

"ಅಲ್ಲಿಗ್ಯಾರು ಫೋನ್ ಮಾಡ್ತಾರ ಶಾರದಾಬಾಯಿ?"

"ನಾ ಮಾಡ್ತೇನ್ರಿ."

ಸಾಹೇಬರು ನಕ್ಕು ಒಪ್ಪಿದ್ರು. ಮೆಕ್ಯಾನಿಕ್ ಹಳೇ ಫೋನೊಂದನ್ನ ಅಲ್ಲಿ ಕೂಡಿಸಿದ.

ಸಂಜೀಕ ಮನಿಗೆ ಹೊರಡೋ ಮುಂದ ಗೋದಾಮಿನ ನಂಬರ್ ಒತ್ತಿದೆ. ದೌಲತರಾಯರು ಎತ್ತಿದವರೇ, "ನಮಸ್ಕಾರ್ರಿ, ಯಾರಿಗೆ ಜೋಡಸ್ಲಿ?" ಅಂದ್ರು.

"ಯಾರಿಗೂ ಬ್ಯಾಡ್ರಿ ಕಾಕಾ. ನಿಮ್ಮ ಕೂಡಾನೇ ಮಾತಾಡಬೇಕು."



"ನನಗೇನವ್ವಾ? ಇಲ್ಲೀತನ ನನಗಂತ ಯಾರೂ ಫೋನ್ ಮಾಡಿದ್ದಿಲ್ಲ," ಅಂದ್ರು. ಆಮ್ಯಾಲೆ ತಾವಾಗೇ ಮಗಳ ಮದುವಿ ಸುದ್ದಿ ತಗದ್ರು. ನಾ ಬಸ್ಸು ತಪ್ಪಿಸ್ಕೊಂಡು ಕೇಳಿದೆ. ಫೋನ್ ಇಡಾಕ ಇಬ್ಬರಿಗೂ ಮನಸಿರಲಿಲ್ಲ, ಕಡೀಗೆ ಅವರೇ, "ಲೈನ್ ತಗೀತೇನವ್ವಾ, ನಾಳಿ ಮತ್ತ ಮಾಡು," ಅಂದು ಇಟ್ರು.