ಮೀಟರು ಬಾಯಿ ಮುಚ್ಚಿತು

ಪ್ರೀತಿಯ ತಂಗೀ,

ನಾನು ಬಂದು ಸೇರಿರುವ ಈ ಅಣುಸ್ಥಾವರದಲ್ಲಿ ಹೆದರುವಂಥದ್ದು ಏನೂ ಇಲ್ಲ. ಗೋಡೆಗೋಡೆಯ ಮೇಲೂ ಹಾಗಂತ ಬರೆಸಿದ್ದಾರೆ. ನನ್ನ ಕೆಲಸ, ಒಳಗೆ ದುಡಿಯುವವರ ಮೇಲಂಗಿ ಒಗೆಯುವುದು. ಒಗೆದ ಮೇಲೆ ಒಂದೊಂದನ್ನೂ ಬಾಗಿಲ ಪಕ್ಕದ ಮೀಟರಿಗೆ ಹಿಡಿಯಬೇಕು. ಬಟ್ಟೆಯಲ್ಲಿ ವಿಕಿರಣ ಉಳಿದಿದ್ದರೆ ಅದು ಕಿರುಚುತ್ತದೆ.

ಹೋದ ವಾರ ಒಂದೇ ಸಮನೆ ಕಿರುಚತೊಡಗಿತು. ಮೇಲ್ವಿಚಾರಕರು ಓಡಿ ಬಂದರು. ಬಂದರು ಅಂದರೆ, ಹೊಸ್ತಿಲಾಚೆಯೇ ನಿಂತರು.

"ಇದಕ್ಕೆ ತಲೆ ಕೆಟ್ಟಿದೆ ಕಣಮ್ಮಾ, ವೈರ್ ಕಿತ್ತು ಹಾಕು."

"ಬಟ್ಟೆಯಲ್ಲೇ ಏನಾದ್ರೂ ಇದ್ರೆ, ಸಾರ್?"

"ನೀನು ಬಟ್ಟೆ ಒಗೆಯೋಕೆ ಬಂದಿದ್ದೀಯೋ, ವಿಜ್ಞಾನಿ ಆಗೋಕೋ?"

ಕುಣಿಯಲಾರದವರಿಗೆ ನೆಲ ಡೊಂಕು, ಇವರಿಗೆ ಮೀಟರು ಡೊಂಕು. ಕಿತ್ತು ಹಾಕಿದೆ. ಅಂದಿನಿಂದ ಇಲ್ಲಿ ವಿಕಿರಣದ ಸುಳಿವೇ ಇಲ್ಲ, ನೋಡು! ಒಂದು ವಾರ ಒಂದು ಸಲವೂ ಕಿರುಚಾಟವಿಲ್ಲದೆ ಕಳೆದದ್ದಕ್ಕೆ ನಿನ್ನೆ ನಮ್ಮ ಕೋಣೆಗೆ ಸುರಕ್ಷತೆಯ ಪ್ರಶಸ್ತಿಪತ್ರವೂ ಬಂತು. ಮೀಟರು ತೂಗುತ್ತಿದ್ದ ಮೊಳೆಗೇ ಅದನ್ನು ನೇತುಹಾಕಿದ್ದೇವೆ.

ನನ್ನ ಆರೋಗ್ಯ ಚೆನ್ನಾಗಿದೆ. ಇಲ್ಲಿನ ಡಾಕ್ಟರು ನನ್ನ ಮುಖ ಕೂಡ ನೋಡದೆ ಹಾಗಂತ ಬರೆದುಕೊಟ್ಟಿದ್ದಾರೆ. ನೀನು ಮಾತ್ರ ಭಾರ ಎತ್ತಬೇಡ, ಇದು ಎಂಟನೇ ತಿಂಗಳು.

ಹುಟ್ಟುವ ಕೂಸಿಗೆ ಹೊದಿಸಲು ನನ್ನ ಮೆತ್ತನೆಯ ಶಾಲು ಕಳಿಸುತ್ತೇನೆ ಅಂದಿದ್ದೆನಲ್ಲ, ಅದಕ್ಕೆ ಕಾಯಬೇಡ, ಹೊಸದು ಕೊಂಡುಕೋ. ವೈರ್ ಕೀಳಲು ಬಗ್ಗಿದಾಗ ಆ ಶಾಲು ನನ್ನ ಹೆಗಲ ಮೇಲಿತ್ತು. ಮೀಟರು ಕೊನೆಯ ಸಲ ಕಿರುಚಿದ್ದು ಆ ಶಾಲಿಗೇ.

ಪಾಳಿಯ ಗಂಟೆ ಹೊಡೆಯಿತು. ಅಮ್ಮನಿಗೆ ಈ ಕಾಗದ ಓದಿ ಹೇಳುವಾಗ, ಶಾಲು ಕಳೆದುಹೋಯಿತಂತೆ ಅನ್ನು.

ನಿನ್ನ ಅಕ್ಕ