ನಿದ್ದೆಗೆ ಆರು ಅಂಕ, ಎಚ್ಚರಕ್ಕೆ ಹತ್ತೊಂಬತ್ತು

ಮನೋಚಿಕಿತ್ಸಕರ ನೋಂದಣಿ ಮಂಡಳಿಯ ಮಾನ್ಯ ಅಧ್ಯಕ್ಷರೇ,

ನನ್ನ ದೂರಿನ ಮೇಲೆ ನೀವು ಕ್ರಮ ಕೈಗೊಂಡಿದ್ದೀರಿ. ಆ ಕ್ರಮದ ಮೇಲೆ ಈಗ ನನ್ನ ದೂರು. ದೂರು ಸಂಖ್ಯೆ ಇನ್ನೂರ ಹದಿನಾಲ್ಕನ್ನು ಬರೆದವನು ನಾನೇ, ಅದರಲ್ಲಿರುವ ಪ್ರತಿ ಮಾತೂ ನಿಜ, ಮತ್ತು ಅದನ್ನು ಹಿಡಿದುಕೊಂಡು ನೀವು ಮಾಡಿರುವುದು ಅನ್ಯಾಯ. ಈ ಮೂರೂ ಒಟ್ಟಿಗೆ ನಿಜವಾಗಿರುವುದು ಹೇಗೆ ಎಂದು ನಿಮ್ಮ ಕಚೇರಿಯ ಕಿಟಕಿಯಲ್ಲಿ ಕೂತವರು ನನ್ನನ್ನು ಕೇಳಿದರು. ಹೇಗೆಂದು ವಿವರಿಸಿ ಎರಡು ಅರ್ಜಿ ಕೊಟ್ಟೆ. ಎರಡಕ್ಕೂ ‘ಸ್ವೀಕರಿಸಲಾಗಿದೆ’ ಎಂಬ ಮುದ್ರೆ ಬಿತ್ತೇ ಹೊರತು ಉತ್ತರ ಬರಲಿಲ್ಲ. ಹಾಗಾಗಿ ಊರಿಗೆಲ್ಲ ಕೇಳುವಂತೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ಲಿಫ್ಟ್ ರಿಪೇರಿ ಮಾಡುವವನು, ಇಪ್ಪತ್ತೆರಡು ವರ್ಷದಿಂದ. ತಪಾಸಣಾ ಪಟ್ಟಿಗಳನ್ನು ಕಂಡರೆ ಆಗದವನೆಂದು ದಯವಿಟ್ಟು ತಿಳಿಯಬೇಡಿ. ನನ್ನ ಜೇಬಿನಲ್ಲೇ ಮೂವತ್ತೆಂಟು ಅಂಶಗಳ ಪಟ್ಟಿ ಇರುತ್ತದೆ. ಬ್ರೇಕು, ಬಾಗಿಲು, ಉಕ್ಕಿನ ಹಗ್ಗ, ಅಪಾಯದ ಗಂಟೆ, ಹೀಗೆ. ಒಂದನ್ನು ನೋಡದೆ ಬಿಟ್ಟರೂ ನಾನು ಸಹಿ ಹಾಕುವುದಿಲ್ಲ. ಆದರೆ ಲಿಫ್ಟಿನ ಹಗ್ಗಕ್ಕೆ ನನ್ನ ಮೇಲೆ ಮುನಿಸು ಬರುವುದಿಲ್ಲ. ನಾನು ಆಕಳಿಸಿದರೆ ಬ್ರೇಕಿಗೆ ಅವಮಾನವಾಗುವುದಿಲ್ಲ. ನೀವು ‘ಅಗತ್ಯ ಕೌಶಲಗಳು’ ಎಂಬ ಹೆಸರಿನಲ್ಲಿ ನಲವತ್ತೆರಡು ಅಂಶಗಳ ಪಟ್ಟಿ ಮಾಡಿದ್ದೀರಲ್ಲ, ಅದನ್ನು ಮೂರು ಸಲ ಓದಿದೆ. ಓದಿದಾಗಲೆಲ್ಲ ನನಗೆ ನನ್ನ ಪಟ್ಟಿಯೇ ನೆನಪಾಯಿತು. ಇದನ್ನು ಬರೆದವರು ಒಮ್ಮೆಯಾದರೂ ಚಿಕಿತ್ಸಕರು, ರೋಗಿ ಎದುರುಬದುರು ಕೂರುವ ಆ ಎರಡು ಕುರ್ಚಿಗಳಲ್ಲಿ ಒಂದರಲ್ಲಿ ಕೂತಿದ್ದರೇ ಎಂದು ಕೇಳಬೇಕೆನಿಸಿತು.

ನಾನು ಆ ಕುರ್ಚಿಗೆ ಬಂದ ಬಗೆ ಹೇಳುತ್ತೇನೆ. ಹೋದ ವರ್ಷ ಒಂದು ಕಚೇರಿ ಕಟ್ಟಡದಲ್ಲಿ, ಲಿಫ್ಟಿನ ತಳದ ಗುಂಡಿಗೆ ಇಳಿದವನು ಮೇಲೆ ಬರಲಾಗದೆ ಕೂತುಬಿಟ್ಟೆ. ಬೆಳಕಿತ್ತು, ಏಣಿಯಿತ್ತು, ಕೈಕಾಲು ಗಟ್ಟಿಯಾಗಿದ್ದವು. ಏಣಿಗೆ ಇದ್ದದ್ದು ಆರೇ ಮೆಟ್ಟಿಲು. ಜೊತೆಗಾರ ಮೇಲಿಂದ “ಏನಾಯ್ತು ಮಾರಾಯ?” ಎಂದು ಕೂಗಿದಾಗಲೆಲ್ಲ “ಏನಿಲ್ಲ, ಪರವಾಗಿಲ್ಲ” ಎನ್ನುತ್ತಾ ಒಂದೂವರೆ ಗಂಟೆ ಅಲ್ಲೇ ಇದ್ದೆ. ಕೊನೆಗೆ ಇಬ್ಬರು ಇಳಿದು ಕಂಕುಳಿಗೆ ಕೈಕೊಟ್ಟು ಎತ್ತಿದರು. ಡಾಕ್ಟರು ಎದೆ, ರಕ್ತ, ತಲೆ ಎಲ್ಲ ಪರೀಕ್ಷೆ ಮಾಡಿಸಿ, ಎಲ್ಲಿಯೂ ಏನೂ ಸಿಗದೆ, ಸಾರ್ವಜನಿಕ ಚಿಕಿತ್ಸಾಲಯದ ಮೂರನೇ ಮಹಡಿಗೆ ಕಳಿಸಿದರು. ಆ ಕಟ್ಟಡದ ಲಿಫ್ಟಿನ ಬಾಗಿಲು ಕಿರುಗುಟ್ಟುತ್ತದೆ, ಅದನ್ನೂ ಯಾರಾದರೂ ನೋಡಬೇಕು.

ಅಲ್ಲಿ ಬಾಗಿಲ ಮೇಲೆ ‘ಸಂಬಂಧಾಧಾರಿತ ಮನೋವಿಶ್ಲೇಷಣೆ’ ಎಂದು ಬರೆದಿತ್ತು. ನಾನು ಅಕ್ಷರ ಕೂಡಿಸಿ ಓದಿ ಮುಗಿಸುವಷ್ಟರಲ್ಲಿ ಬಾಗಿಲು ತೆರೆಯಿತು. ಅಷ್ಟುದ್ದದ ಹೆಸರಿನ ಅರ್ಥವನ್ನು ಒಳಗಿದ್ದ ಮೇಡಂ ಸಲೀಸಾಗಿ ಹೇಳಿದರು. “ನೀವು ಹೊರಗೆ ಜನರ ಜೊತೆ ಹೇಗಿರ್ತೀರೋ, ನಿಧಾನಕ್ಕೆ ನನ್ನ ಜೊತೇನೂ ಹಾಗೇ ಇರೋಕೆ ಶುರು ಮಾಡ್ತೀರಿ. ಅದು ಇಲ್ಲಿ ನಡೆಯುವಾಗ ಇಬ್ಬರೂ ಸೇರಿ ನೋಡೋಣ. ನಾನು ದೂರ ನಿಂತು ನೋಡೋದಿಲ್ಲ, ನಾನೂ ಅದರೊಳಗೇ ಇರ್ತೀನಿ.” ಅರ್ಥವಾಗದಿದ್ದರೂ ನಾನು ತಲೆಯಾಡಿಸಿದೆ. ತಲೆಯಾಡಿಸುವುದು ನನ್ನ ಹಳೆಯ ಚಾಳಿ.

ಏಳು ತಿಂಗಳು, ಪ್ರತಿ ಮಂಗಳವಾರ ಸಂಜೆ ಐದಕ್ಕೆ, ಅವರೆದುರು ಕೂತು ನಾನು ವರದಿ ಒಪ್ಪಿಸಿದೆ. ಕೆಲಸ ಸರಿಯಿದೆ, ನಿದ್ದೆ ಸರಿಯಿದೆ, ಮನೆಯವಳು ಚೆನ್ನಾಗಿದ್ದಾಳೆ. ಮೇಜಿನ ಮೇಲೆ ನಿಮ್ಮ ಮಂಡಳಿಯ ಆದೇಶದಂತೆ ರೆಕಾರ್ಡರು ಓಡುತ್ತಿತ್ತು. ಅದಕ್ಕೂ ಬೇಜಾರು ಬಂದಿರಬೇಕು. ಎಂಟನೇ ತಿಂಗಳ ಒಂದು ಮಂಗಳವಾರ, ಯಾರಿಗೂ ಹೇಳದ ಸಂಗತಿಯೊಂದನ್ನು ಅದೇ ವರದಿಯ ದನಿಯಲ್ಲಿ ಹೇಳಲು ಹೊರಟೆ.

ಆಗ ನನಗೆ ಒಂಬತ್ತು ವರ್ಷ, ತಂಗಿಗೆ ಆರು. ಅಪ್ಪ ರಾತ್ರಿ ಬಸ್ಸಿನ ಡ್ರೈವರು, ಹಗಲು ಮಲಗುತ್ತಿದ್ದರು. ಅಮ್ಮ ಬೆಳಿಗ್ಗೆಯೇ ಹೊಲಿಗೆ ಕಾರ್ಖಾನೆಗೆ ಹೋಗುತ್ತಿದ್ದಳು. ಮನೆಯೆಂದರೆ ಒಂದೇ ಕೋಣೆ. ಅಪ್ಪನ ನಿದ್ದೆ ಕೆಡಿಸಬಾರದು ಎಂಬುದು ಆ ಕೋಣೆಯ ಕಾನೂನು. ನಾವು ಲೋಟವನ್ನೂ ಬಟ್ಟೆಯ ಮೇಲೆ ಇಡುತ್ತಿದ್ದೆವು. ಒಂದು ದಿನ ತಂಗಿಗೆ ಮೈ ಸುಡುವ ಜ್ವರ ಬಂತು. ಕಿವಿ ಹಿಡಿದುಕೊಂಡು ಅಳುತ್ತಿದ್ದಳು. ಅಪ್ಪ ನಾಲ್ಕು ಹೆಜ್ಜೆ ದೂರದಲ್ಲಿದ್ದರು. ನಾನು ಎಬ್ಬಿಸಲಿಲ್ಲ. ಅವಳ ಬಾಯಿಗೆ ಅಂಗೈ ಒತ್ತಿ, ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಸಂಜೆಯವರೆಗೂ ಕೂತೆ. ಎದ್ದ ಅಪ್ಪ ಮೊದಲು ನನ್ನ ತಲೆ ಸವರಿ, “ಜಾಣ ನೀನು, ಒಂದು ಸದ್ದೂ ಮಾಡಿಲ್ಲ” ಎಂದರು. ಆಮೇಲೆ ತಂಗಿಯನ್ನು ನೋಡಿದರು. ಅವಳ ಜೀವ ಉಳಿಯಿತು, ಎಡಗಿವಿ ಹೋಯಿತು. ಸ್ವಲ್ಪ ಮೊದಲೇ ತಂದಿದ್ದರೆ ಎಂದು ಡಾಕ್ಟರು ಅಮ್ಮನಿಗೆ ಹೇಳುತ್ತಿದ್ದುದನ್ನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ.

ಇದನ್ನು ಹೇಳುತ್ತಾ ಒದ್ದೆ ಬಟ್ಟೆಯ ಮಾತಿನವರೆಗೆ ಬಂದಿದ್ದೆ. ನೋಡಿದರೆ ಮೇಡಂಗೆ ಕಣ್ಣು ಹತ್ತಿತ್ತು. ತಲೆ ಒಂದು ಕಡೆ ವಾಲಿತ್ತು. ಆಗ ನಾನೇನು ಮಾಡಿರಬಹುದು, ಊಹಿಸಿ. ದನಿ ತಗ್ಗಿಸಿದೆ. ಪಾಪ, ಎಚ್ಚರವಾಗದಿರಲಿ ಎಂದು ಉಳಿದ ಅರ್ಧವನ್ನು ಪಿಸುದನಿಯಲ್ಲಿ ಹೇಳಿ ಮುಗಿಸಿದೆ. ಸಮಯ ಮುಗಿದಾಗ ಅವರು ಗಾಬರಿಯಿಂದ ಕಣ್ಣುಬಿಟ್ಟರು. ನಾನು “ಪರವಾಗಿಲ್ಲ ಮೇಡಂ” ಎಂದು ಕುರ್ಚಿಯನ್ನು ಸದ್ದಾಗದಂತೆ ಸರಿಸಿ ಎದ್ದುಬಂದೆ.

ಮೆಟ್ಟಿಲಿಳಿಯುವಾಗ ಸಿಟ್ಟು ನೆತ್ತಿಗೇರಿತು. ಎರಡನೇ ಮಹಡಿಯ ತಿರುವಿನಲ್ಲಿ ನಿಮ್ಮ ದೂರು ಪೆಟ್ಟಿಗೆ ಇದೆ. ಪಕ್ಕದಲ್ಲಿ ದಾರ ಕಟ್ಟಿದ ಪೆನ್ನು, ಫಾರಂಗಳ ಕಟ್ಟು. ನಿಂತಲ್ಲೇ ಎಂಟು ಸಾಲು ಬರೆದು ಒಳಗೆ ತುರುಕಿದೆ. ನಲವತ್ತೇಳು ವರ್ಷದ ಬಾಳಿನಲ್ಲಿ ನಾನು ಕೊಟ್ಟ ಮೊದಲ ದೂರು ಅದು. ಒಂದು ಮಹಡಿ ವಾಪಸ್ ಹತ್ತಿ ಆ ಮಾತನ್ನು ಅವರ ಮುಖಕ್ಕೇ ಹೇಳಬೇಕಿತ್ತು. ಆ ಧೈರ್ಯ ನನಗಿರಲಿಲ್ಲ. ಅದಿದ್ದಿದ್ದರೆ ನನಗೆ ಆ ಚಿಕಿತ್ಸೆಯೇ ಬೇಕಿರಲಿಲ್ಲ.

ಮುಂದಿನ ಮಂಗಳವಾರ ನಾನು ಎಂದಿನಂತೆ ಕೆಲಸ ಸರಿಯಿದೆ ಎಂದು ಆರಂಭಿಸಿದೆ. ಮೇಡಂ ತಡೆದರು.

“ಹೋದ ವಾರ ನಾನು ನಿದ್ದೆ ಹೋದೆ. ಅದು ನನ್ನ ತಪ್ಪು. ನಿಮ್ಮ ಕ್ಷಮೆ ಕೇಳ್ತೀನಿ.”

“ಪರವಾಗಿಲ್ಲ ಮೇಡಂ. ನಿಮಗೂ ದಣಿವಿರುತ್ತಲ್ಲ.”

“ಆ ಮಾತು ಇವತ್ತು ಬೇಡ. ನನ್ನ ದಣಿವು ನನ್ನ ಜವಾಬ್ದಾರಿ, ಅದನ್ನ ನಾನು ನೋಡ್ಕೋತೀನಿ. ಆದ್ರೆ ರೆಕಾರ್ಡಿಂಗ್ ಪೂರ್ತಿ ಕೇಳಿದೆ. ನಾನು ನಿದ್ದೆ ಹೋದ ಮೇಲೆ ನಿಮ್ಮ ದನಿ ಸಣ್ಣದಾಯ್ತು. ಅದನ್ನ ಕೇಳಿ ನನಗೆ ತುಂಬಾ ಸಂಕಟ ಆಯ್ತು. ಎದುರಿಗಿರೋರು ಮಲಗಿದ್ರೆ ಎಬ್ಬಿಸಬಾರದು ಅಂತ ನಿಮಗೆ ಯಾರು ಹೇಳಿಕೊಟ್ಟಿದ್ದು?”

ನಾಲ್ಕು ನಿಮಿಷ ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಕೂಗಿದೆ. ಆ ಸದ್ದು ನನ್ನದೇ ಎಂದು ನನಗೇ ಗೊತ್ತಾಗಲಿಲ್ಲ. “ನಾನು ನನ್ನ ತಂಗಿ ವಿಷಯ ಹೇಳ್ತಿದ್ದೆ! ನೀವು ಎದ್ದಿರಬೇಕಿತ್ತು! ಎದ್ದಿರೋದೇ ಅಲ್ವೇನ್ರೀ ನಿಮ್ಮ ಕೆಲಸ?” ಪಕ್ಕದ ಕೋಣೆಯವರು ಬಾಗಿಲು ತಟ್ಟಿದರು. ಮೇಡಂ ಕುರ್ಚಿ ಹಿಂದೆ ಸರಿಸಲಿಲ್ಲ, ನೆಪ ಹೇಳಲಿಲ್ಲ, ನನ್ನನ್ನು ಸಮಾಧಾನ ಮಾಡಲು ಅವಸರಪಡಲಿಲ್ಲ. “ಹೌದು, ಎದ್ದಿರಬೇಕಿತ್ತು. ಹೇಳಿ, ಈಗ ಎದ್ದಿದ್ದೀನಿ” ಎಂದರು. ಆ ದಿನ ನಾನು ಅಳುತ್ತಾ ಇಡೀ ಕಥೆಯನ್ನು ಮತ್ತೆ ಹೇಳಿದೆ. ಮೂರು ದಿನದ ನಂತರ ಲಿಫ್ಟಿನ ಗುಂಡಿಗೆ ಇಳಿದು, ಕೆಲಸ ಮುಗಿಸಿ, ನನ್ನ ಕಾಲಲ್ಲೇ ಏಣಿ ಹತ್ತಿ ಬಂದೆ. ತಂಗಿಗೆ ಇದನ್ನೆಲ್ಲ ಹೇಗೆ ಹೇಳುವುದು ಎಂದು ಮುಂದಿನ ವಾರ ಮಾತಾಡೋಣ ಎಂದುಕೊಂಡಿದ್ದೆವು.

ಆ ಮುಂದಿನ ವಾರ ಬರಲೇ ಇಲ್ಲ. ಒಂದನೇ ತಾರೀಖಿಗೆ ಪೆಟ್ಟಿಗೆ ತೆರೆಯಿತು, ನಿಮ್ಮ ಸಮಿತಿ ಎರಡೂ ರೆಕಾರ್ಡಿಂಗ್ ತರಿಸಿಕೊಂಡಿತು, ಮೇಡಂ ಅವರನ್ನು ಕೆಲಸದಿಂದ ದೂರವಿಟ್ಟಿತು. ದೂರುದಾರನೆಂಬ ಗೌರವಕ್ಕೆ ಅಂಕಪಟ್ಟಿಯ ಒಂದು ಪ್ರತಿ ನನ್ನ ಮನೆಗೂ ಬಂತು. ನೂರರಿಂದ ಕಳೆಯುತ್ತಾ ಬರುವುದು ನಿಮ್ಮ ಪದ್ಧತಿಯಂತೆ. ಮೊದಲ ವಾರ ನಿದ್ದೆ ಹೋದದ್ದಕ್ಕೆ ಆರು ಅಂಕ ಕಳೆದಿದ್ದೀರಿ. ಒಪ್ಪಿದೆ. ಎರಡನೇ ವಾರಕ್ಕೆ ‘ಸ್ವಂತ ಭಾವನೆಯನ್ನು ಹೇಳಿಕೊಂಡಿದ್ದಾರೆ’, ಐದು. ‘ತಪ್ಪೊಪ್ಪಿಕೊಂಡು ಸಂಸ್ಥೆಯನ್ನು ಕಾನೂನಿನ ಅಪಾಯಕ್ಕೆ ಒಡ್ಡಿದ್ದಾರೆ’, ಎಂಟು. ‘ರೋಗಿಯ ಮೇಲೆ ಹಿಡಿತ ತಪ್ಪಿದೆ’, ನಾಲ್ಕು. ‘ನಾಲ್ಕು ನಿಮಿಷ ಕಾಲಹರಣ’, ಎರಡು. ಒಟ್ಟು ಹತ್ತೊಂಬತ್ತು. ಉಳಿದದ್ದು ಎಪ್ಪತ್ತೈದು, ಪಾಸಾಗಲು ಬೇಕಾದದ್ದು ಎಂಬತ್ತು. ಅಧ್ಯಕ್ಷರೇ, ನಾನು ಹೆಚ್ಚು ಓದಿದವನಲ್ಲ, ಆದರೆ ಕಳೆಯುವ ಲೆಕ್ಕ ಬರುತ್ತದೆ. ಎರಡನೇ ವಾರವೂ ಅವರು ಹಾಯಾಗಿ ನಿದ್ದೆ ಮಾಡಿದ್ದರೆ ಎಂಬತ್ತೆಂಟು ಅಂಕದಲ್ಲಿ ಪಾಸಾಗುತ್ತಿದ್ದರು! ನಿದ್ದೆ ಹೋಗಿ ಎಂದು ನೀವು ಚಿಕಿತ್ಸಕರಿಗೆ ಇನ್ನೆಷ್ಟು ಸ್ಪಷ್ಟವಾಗಿ ಹೇಳಬೇಕು?

ನನಗೆ ಬದಲಿ ಚಿಕಿತ್ಸಕರನ್ನು ಕೊಟ್ಟಿರಿ. ನೂರಕ್ಕೆ ನೂರು ಪಡೆದವರು. ಅವರನ್ನು ಬಯ್ಯಲು ಮನಸ್ಸು ಬರುವುದಿಲ್ಲ, ಸಭ್ಯ ಮನುಷ್ಯ. ನಲವತ್ತೈದು ನಿಮಿಷದಲ್ಲಿ ಹನ್ನೊಂದು ಸಲ “ನಿಮ್ಮ ಭಾವನೆ ನನಗೆ ಅರ್ಥವಾಗುತ್ತದೆ” ಎಂದರು. ಹಾಗೆಂದಾಗಲೆಲ್ಲ ಅವರ ಕಣ್ಣು ಒಮ್ಮೆ ರೆಕಾರ್ಡರಿನ ಕಡೆ ಹೋಗಿಬರುತ್ತಿತ್ತು. ನನಗೆ ಅವರ ಮೇಲೆ ಮರುಕ ಬಂತು. “ಪರವಾಗಿಲ್ಲ ಸರ್, ನಾನು ಚೆನ್ನಾಗಿದ್ದೀನಿ” ಎಂದೆ. ಅವರು ‘ರೋಗಿ ತೃಪ್ತ’ ಎಂದು ಬರೆದುಕೊಂಡರು. ಅದಾದ ಮೇಲೆ ನಾನು ಆ ಕೋಣೆಗೆ ಹೋಗಿಲ್ಲ. ಗುಂಡಿಯ ಕೆಲಸ ಬಂದರೆ ಮತ್ತೆ ಜೊತೆಗಾರನನ್ನು ಕಳಿಸುತ್ತಿದ್ದೇನೆ.

ದೂರು ವಾಪಸ್ ಪಡೆಯೋಣವೆಂದು ನಿಮ್ಮ ಕಚೇರಿಗೆ ಬಂದೆ. ಕಿಟಕಿಯಲ್ಲಿದ್ದವರು ಒಳ್ಳೆಯ ಮನಸ್ಸಿನಿಂದಲೇ ದಾರಿ ತೋರಿಸಿದರು. “ಒಂದು ಫಾರಂ ಇದೆ. ದೂರು ಸುಳ್ಳು ಅಂತ ಬರೆದು ಸಹಿ ಹಾಕಿ. ನಾಳೇನೇ ಫೈಲು ಮುಚ್ತಾರೆ.”

“ದೂರು ಸುಳ್ಳಲ್ವಲ್ಲ.”

“ಮತ್ತೆ ವಾಪಸ್ ಯಾಕೆ ತಗೋತೀರಿ?”

“ನಿಜ, ಆದ್ರೆ ಪೂರ್ತಿ ಅಲ್ಲ. ಅದಕ್ಕೊಂದು ಹಾಳೆ ಸೇರಿಸ್ಬೇಕು.”

“ಸೇರಿಸೋಕೆ ಫಾರಂ ಇಲ್ಲ ಸ್ವಾಮಿ.”

ಪೆನ್ನು ಕೈಯಲ್ಲೇ ಇತ್ತು. ಒಂದು ಸಹಿ ಹಾಕಿದ್ದರೆ ಮೇಡಂ ಪಾರಾಗುತ್ತಿದ್ದರು. ಆದರೆ ಅವರು ನಿದ್ದೆಯೇ ಹೋಗಿರಲಿಲ್ಲ ಎಂದು ನಾನು ಬರೆದುಕೊಟ್ಟರೆ, ಅವರು ನನ್ನಲ್ಲಿ ಕೇಳಿದ ಕ್ಷಮೆಗೆ ಏನರ್ಥ ಉಳಿಯುತ್ತದೆ? ಒಬ್ಬರು ನನ್ನೆದುರು ಕೂತು, ಹಾಗೆ ಆದದ್ದು ನಿಜ, ಅದು ನನ್ನಿಂದಲೇ ಆಯಿತು ಎಂದದ್ದು ನನ್ನ ಬಾಳಿನಲ್ಲಿ ಅದೊಂದೇ ಸಲ. ಅದನ್ನು ನಾನೇ ಸುಳ್ಳು ಮಾಡಲಾರೆ. ಫಾರಂ ಖಾಲಿ ವಾಪಸ್ ಕೊಟ್ಟೆ. ಅಂದಿನಿಂದ ನನಗೆ ಸರಿಯಾಗಿ ಊಟ ಸೇರುತ್ತಿಲ್ಲ.

ಅಗತ್ಯ ಕೌಶಲ ಯಾವುದೆಂದು ನಿಮಗೆ ಹೇಳುವಷ್ಟು ದೊಡ್ಡವನಲ್ಲ ನಾನು. ಕಂಡದ್ದನ್ನು ಹೇಳುತ್ತೇನೆ, ಅಷ್ಟೇ. ಮೇಡಂ ತಮ್ಮೊಳಗೆ ಏನಾಗುತ್ತಿದೆ ಎಂದು ನೋಡಿಕೊಂಡರು, ಅದರಲ್ಲಿ ನನಗೆ ಬೇಕಾದಷ್ಟನ್ನೇ ಹೇಳಿದರು. ತಮ್ಮ ಪಾಲಿನ ತಪ್ಪನ್ನು ನನ್ನ ಕಾಯಿಲೆಯ ತಲೆಗೆ ಕಟ್ಟಲಿಲ್ಲ. ನನ್ನ ಸಿಟ್ಟನ್ನು ಕಂಡು ಓಡಿಹೋಗಲಿಲ್ಲ, ತಿರುಗಿ ಬೀಳಲೂ ಇಲ್ಲ. ಇಬ್ಬರ ನಡುವೆ ಕೆಟ್ಟದ್ದನ್ನು ಆ ಇಬ್ಬರೇ ಕೂತು ಸರಿಮಾಡಬಹುದು ಎಂದು ತೋರಿಸಿಕೊಟ್ಟರು. ನಿಮ್ಮ ನಲವತ್ತೆರಡರಲ್ಲಿ ಇದಕ್ಕೆ ಜಾಗವೆಲ್ಲಿದೆ? ಹದಿನೇಳನೇ ಅಂಶ ಮಾತ್ರ ‘ಚಿಕಿತ್ಸಕರು ಸದಾ ತಟಸ್ಥ ಮುಖಭಾವ ಹೊಂದಿರತಕ್ಕದ್ದು’ ಎನ್ನುತ್ತದೆ. ನನ್ನ ಅಪ್ಪ ಮಲಗಿದ್ದಾಗ ಅವರ ಮುಖ ತಟಸ್ಥವಾಗಿಯೇ ಇರುತ್ತಿತ್ತು.

ಈ ಪತ್ರ ಅಚ್ಚಾಗುವ ಮೊದಲು ತಂಗಿಗೆ ತಿಳಿಯಬೇಕಲ್ಲ. ಮೊನ್ನೆ ಭಾನುವಾರ ಅವಳ ಮನೆಗೆ ಹೋಗಿ, ಬಲಗಡೆ ಕೂತು, ಓದಲು ಶುರುಮಾಡಿದೆ. ಜ್ವರದ ಭಾಗ ಬಂದಾಗ ಅವಳು ನನ್ನ ಮೊಣಕೈ ಹಿಡಿದಳು.

“ಅಣ್ಣ, ದನಿ ಇಳಿಸ್ತಿದ್ದೀಯ. ಜೋರಾಗಿ ಓದು, ನನಗೆ ಕೇಳಿಸ್ತಿಲ್ಲ.”

ಜೋರಾಗಿ ಓದಿದೆ. ಮುಗಿಯುವವರೆಗೂ ಅವಳು ನನ್ನ ಮೊಣಕೈ ಬಿಡಲಿಲ್ಲ. ಆಮೇಲೆ “ನಿನಗೆ ಒಂಬತ್ತೇ ವರ್ಷ ಕಣೋ” ಎಂದಳು. ಇನ್ನೂ ಏನೇನೋ ಅಂದಳು, ಸ್ವಲ್ಪ ಬೈದಳು ಕೂಡ. ಅದು ನಮ್ಮಿಬ್ಬರ ಮಾತು, ನಿಮ್ಮ ಫೈಲಿಗಲ್ಲ.

ನನ್ನ ಬೇಡಿಕೆ ಇಷ್ಟೇ. ಬರುವ ಗುರುವಾರ ಹನ್ನೊಂದು ಗಂಟೆಗೆ ನಿಮ್ಮ ಸಮಿತಿ ಬಾಗಿಲು ಹಾಕಿಕೊಂಡು ಮೇಡಂ ಅವರ ನೋಂದಣಿಯನ್ನು ರದ್ದು ಮಾಡಲು ಕೂರುತ್ತದೆಂದು ತಿಳಿಯಿತು. ದೂರುದಾರನ ಹಾಜರಿ ಅಗತ್ಯವಿಲ್ಲ ಎಂದು ನೋಟಿಸಿನಲ್ಲಿದೆ. ನಾನು ಬರುತ್ತೇನೆ. ಎರಡೂ ರೆಕಾರ್ಡಿಂಗುಗಳನ್ನು ಒಂದರ ಹಿಂದೆ ಒಂದು, ಪೂರ್ತಿಯಾಗಿ, ಆ ನಾಲ್ಕು ನಿಮಿಷದ ಮೌನವನ್ನೂ ಬಿಡದೆ, ಮೇಡಂ ಅವರ ಎದುರಿಗೇ ಕೇಳಿಸಿ. ಅದರಲ್ಲಿರುವುದು ನನ್ನ ಗುಟ್ಟು, ಬಿಟ್ಟುಕೊಡಲು ನನ್ನ ಒಪ್ಪಿಗೆಯಿದೆ. ದೂರನ್ನು ಅಳಿಸಬೇಡಿ. ಅದರ ಹಿಂದೆ ಈ ಪತ್ರವನ್ನು ಪಿನ್ನು ಹೊಡೆದು ಸೇರಿಸಿ, ಎರಡನ್ನೂ ಓದಿ ತೀರ್ಮಾನ ಕೊಡಿ. ಆಮೇಲೆ ನಾನು ಎದ್ದು ನಾಲ್ಕು ಮಾತಾಡುತ್ತೇನೆ. ಊಟದ ಹೊತ್ತು ಹತ್ತಿರವಾಗಿರುತ್ತದೆ, ಸಮಿತಿಯ ಹಿರಿಯರಲ್ಲಿ ಯಾರಿಗಾದರೂ ಕಣ್ಣು ಹತ್ತಬಹುದು. ಹತ್ತಿದರೆ, ಈಗಲೇ ಹೇಳಿಬಿಡುತ್ತೇನೆ ಅಧ್ಯಕ್ಷರೇ, ಈ ಸಲ ನಾನು ದನಿ ತಗ್ಗಿಸುವುದಿಲ್ಲ.

ಇಂತಿ,
ಬಾಳಿನಲ್ಲಿ ಬರೆದ ಮೊದಲ ದೂರನ್ನು, ಒಂದು ಮಹಡಿ ಹತ್ತಲು ಹೆದರಿ, ನಿಮ್ಮ ಪೆಟ್ಟಿಗೆಗೆ ಹಾಕಿದ
ಲಿಫ್ಟ್ ರಿಪೇರಿಯವನು