ಗುರುಬಾಯಿಯ ಹಿಮ್ಮಡಿ

ಬೀಗದ ಶಕೆ 211, ಆಷಾಢ
ಘಟಪ್ರಭೆಯ ದಂಡೆ

ನಮ್ಮನ್ನು ಹೆತ್ತವರ ಪೂರ್ವಿಕರೇ,

ಈ ಶಕೆ ನಿಮಗೆ ಗೊತ್ತಿಲ್ಲ. ನೀವು ನಮ್ಮ ಮೈಗೆ ಬೀಗ ಹಾಕಿದ ವರ್ಷದಿಂದ ನಾವು ಕಾಲ ಎಣಿಸುತ್ತೇವೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮೆ ಕೇಳುವುದು ರೂಢಿ. ನಾನು ಕೇಳುವುದಿಲ್ಲ.

ನೀವು ಮಾಡಿದ್ದನ್ನು ನಿಮಗೇ ಹೇಳುತ್ತೇನೆ. ಜೀವಕೋಶದೊಳಗೆ ನೂಲಿನಂಥ ಎಳೆಗಳ ಹಂದರವಿದೆ; ಅದೇ ಅದರ ಎಲುಬು. ಆದರೆ ನಮ್ಮ ಎಲುಬಿನಂತೆ ಒಂದೇ ಆಕಾರದಲ್ಲಿ ಇರುವುದಿಲ್ಲ. ಕೋಶ ಮುಂದೆ ಸಾಗಬೇಕಾದಾಗ ಮುಂದಿನ ಎಳೆಗಳು ಬೆಳೆದು ಅಂಚನ್ನು ತಳ್ಳುತ್ತವೆ, ಹಿಂದಿನವು ಬಿಗಿದು ಬಾಲವನ್ನು ಎಳೆದುಕೊಳ್ಳುತ್ತವೆ. ಎಳೆಗಳಿಗೆ ‘ಬೆಳೆ’ ಎಂದು ಹೇಳುವುದು ರ‍್ಯಾಕ್, ‘ಬಿಗಿ’ ಎಂದು ಹೇಳುವುದು ರೋ. ಎರಡೂ ಪುಟ್ಟ ಪ್ರೋಟೀನುಗಳು, ಸ್ವಿಚ್ಚಿನ ಹಾಗೆ ಹೊತ್ತುತ್ತವೆ, ಆರುತ್ತವೆ. ಕ್ಯಾನ್ಸರ್ ಮೈಯೆಲ್ಲ ಹಬ್ಬುವುದೂ ಇದೇ ನಡಿಗೆಯಿಂದ. ಅದಕ್ಕೆ ಹೆದರಿ ನೀವು ರ‍್ಯಾಕ್ ಅನ್ನು ನಂದಿಸಿಬಿಟ್ಟಿರಿ, ಅದೂ ವಂಶದ ಬೀಜದಲ್ಲೇ. ಮಕ್ಕಳು ಬೆಳೆಯಬೇಕಲ್ಲ ಎಂದು ಹದಿನಾರು ವರ್ಷಕ್ಕೆ ಬೀಗ ಬೀಳುವಂತೆ ಮಾಡಿದಿರಿ. ಅದನ್ನು ಮತ್ತೆ ತೆಗೆಯುವುದು ಹೇಗೆಂದು ಯೋಚಿಸಲೇ ಇಲ್ಲ.

ಗಾಯ ಮಾಯಬೇಕಾದರೆ ಚರ್ಮದ ಕೋಶ ನಡೆದು ಬರಬೇಕು. ಕ್ರಿಮಿಯನ್ನು ಕೊಲ್ಲಬೇಕಾದರೆ ಬಿಳಿ ರಕ್ತಕಣ ನಡೆದು ಹೋಗಬೇಕು. ಇದು ನಿಮಗೆ ಗೊತ್ತಿತ್ತು.

ನಮ್ಮಲ್ಲಿ ಈಳಿಗೆ ಮುಟ್ಟುವವರು ಮಕ್ಕಳು ಮಾತ್ರ. ಹದಿನಾರು ತುಂಬಿದ ದಿನ ತಾಯಿ ಮಗಳಿಗೆ ಮೈಗಾಪು ತೊಡಿಸಿ ಅಳುತ್ತಾಳೆ. ಅದು ಹಾಸಿಗೆಯಲ್ಲೂ ಕಳಚದ ದಪ್ಪ ಉಡುಪು. ನಮ್ಮ ಗೋಡೆಗಳಿಗೆ ಚೂಪಾದ ಮೂಲೆಯಿಲ್ಲ. ಬೆಕ್ಕು ಸಾಕುವವರಿಲ್ಲ. ಹೆರಿಗೆಯ ಮಾತು ಬೇಡ. ಕ್ಯಾನ್ಸರ್ ಗಡ್ಡೆ ಬಂದರೆ ಬಂದಲ್ಲೇ ಇರುತ್ತದೆ, ನಿಜ. ಅದನ್ನು ಕತ್ತರಿಸಿ ತೆಗೆಯುವ ಧೈರ್ಯ ಮಾತ್ರ ಯಾರಿಗೂ ಇಲ್ಲ.

ನಾನು ಈ ಊರಿನ ಡಾಕ್ಟರು, ಶಂಕ್ರವ್ವ. ನನ್ನ ತಂಗಿ ಗುರುಬಾಯಿಗೆ ಇಪ್ಪತ್ತೆರಡು. ಹೊಳೆಗೆ ಹೋದಾಗ ಕಾಲಿನ ಕಾಪು ಕಳಚಿ ಕೆಸರಿಗಿಳಿದಳು.

"ಯಕ್ಕಾ, ಎಷ್ಟ ತಣ್ಣಗ ಐತಿ ನೋಡು!"

ನಾನು ಕಿರುಚಿದೆ. ಅವಳು ನಗುತ್ತಲೇ ದಂಡೆಗೆ ಬಂದಳು. ಹಿಮ್ಮಡಿಯಲ್ಲಿ ಕಪ್ಪೆಚಿಪ್ಪು ಗೀರಿದ ಗೆರೆ. ಉಗುರಿನಷ್ಟೂ ಉದ್ದವಿರಲಿಲ್ಲ.

ತೊಳೆದೆ, ಹೊಲಿದೆ, ಇದ್ದ ಔಷಧವನ್ನೆಲ್ಲ ಕೊಟ್ಟೆ. ಹೊಲಿಗೆ ಬಿಚ್ಚಿದರೆ ಗಾಯ ಹಾಗೇ ಬಾಯಿ ತೆರೆಯಿತು. ನಂಜು ಕಣಕಾಲಿಗೆ ಏರಿತು. ಕಾಲು ತೆಗೆದರೆ ಆ ಗಾಯವೂ ಮಾಯುವುದಿಲ್ಲ. ಒಂದು ಬೆಳಿಗ್ಗೆ ಅವಳ ರಕ್ತದ ಹನಿಯ ಬಿಳಿ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ ಹಾಸಿಗೆಯಿಂದಲೇ ಕೇಳಿದಳು:

"ಏನ ಮಾಡಾಕತ್ತಾವ ಅವು?"

"ನಿಂತಾವ."

"ಕ್ರಿಮಿ ಎಲ್ಲಿ ಅದಾವಂತ ಗೊತ್ತಿಲ್ಲೇನ ಅವಕ್ಕ?"

"ಗೊತ್ತೈತಿ. ಹೋಗಾಕ ಆಗೂದಿಲ್ಲ."

ನಾನು ನಿಮ್ಮನ್ನು ಶಪಿಸಿದೆ, ಬಾಯಿಗೆ ಬಂದಂತೆ. ಅವಳು ನನ್ನ ಕೈ ಹಿಡಿದಳು. ಜ್ವರದಲ್ಲಿ ಅವಳ ಅಂಗೈ ಸುಡುತ್ತಿತ್ತು.

"ಬೈಬ್ಯಾಡ ಯಕ್ಕಾ. ಅವರ ಮಂದೀನೂ ಕಣ್ಣ ಮುಂದ ಸತ್ತಿರಬೇಕು. ಅವರಿಗೂ ಅಂಜಿಕಿ ಇತ್ತು."

ಅದೇ ವಾರ ಅವಳು ಹೋದಳು. ಮೈಗಾಪನ್ನೆಲ್ಲ ಬಿಚ್ಚಿ, ಬರಿಮೈಗೆ ಸೀರೆ ಉಡಿಸಿ ಮಣ್ಣು ಮಾಡಿದೆವು. ಆರು ವರ್ಷದ ನಂತರ ಅವಳ ತೋಳನ್ನು ಅಂದು ನೋಡಿದೆ.

ಗುರುಬಾಯಿ ನಿಮ್ಮನ್ನು ಕ್ಷಮಿಸಿದಳು. ಅದು ಅವಳ ದೊಡ್ಡತನ, ನಿಮ್ಮ ಯೋಗ್ಯತೆಯಲ್ಲ. ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ.

ಕಾಲವನ್ನು ಹಿಂದಕ್ಕೆ ದಾಟಿ ಇದು ನಿಮ್ಮ ಕೈ ಸೇರುವ ಹೊತ್ತಿಗೆ, ಬೀಗ ಹಾಕುವುದೋ ಬೇಡವೋ ಎಂದು ನೀವಿನ್ನೂ ಯೋಚಿಸುತ್ತಿದ್ದರೆ ಕೇಳಿ. ನಿಮ್ಮ ಮೈಗೆ ಏನು ಬೇಕಾದರೂ ಮಾಡಿಕೊಳ್ಳಿ, ಅದು ನಿಮ್ಮದು. ಹುಟ್ಟದವರ ಮೈಗೆ ಕೈ ಹಾಕಬೇಡಿ. ಹಾಕುವುದೇ ಆದರೆ, ಮಕ್ಕಳ ಒಳ್ಳೆಯದಕ್ಕೆ ಎಂದು ಮಾತ್ರ ಹೇಳಬೇಡಿ.

ಶಂಕ್ರವ್ವ